ತೊಂಬತ್ತೆಂಟು ಚಿಪ್‌ಗಳ ಗೈರುಹಾಜರಿ

ಭಾಲಚಂದ್ರರು ಇಪ್ಪತ್ತೆರಡು ವರ್ಷದಿಂದ ಬೀದರಿನ ಒಂದು ಸರಕಾರಿ ಕಚೇರಿಯ ಉಗ್ರಾಣ ಕಾಯುತ್ತಿದ್ದರು. ದಿನಾ ಭಾಲ್ಕಿಯಿಂದ ರೈಲಿನಲ್ಲಿ ಬಂದು, ಮೊದಲು ಕುರ್ಚಿಯ ಕಾಲು ಎಣಿಸಿ ಆಮೇಲೆ ಅದರ ಮೇಲೆ ಕೂರುವ ಮನುಷ್ಯ. ಎಣಿಕೆಗೆ ಸಿಗದ್ದು ಲೋಕದಲ್ಲಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ.

ಎಂಬತ್ತರ ದಶಕದ ಕೊನೆಯ ಬರದಲ್ಲಿ ಔರಾದ ಕಡೆಯ ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಹೊರಡತೊಡಗಿದರು. ಅವರಿಗೆ ಊರಲ್ಲೇ ಮಣ್ಣಿನ ಕೆಲಸ ಕೊಡಬೇಕು. ಅದಕ್ಕೆ ಹೆಸರಿನ ಪಟ್ಟಿ ಬೇಕು. ಕೈಯಲ್ಲಿ ಬರೆದರೆ ಬೇಗ ಮುಗಿದುಹೋದೀತೆಂಬ ಭಯಕ್ಕೋ ಏನೋ, ಮೇಲಿನವರು ಕಂಪ್ಯೂಟರಿನಲ್ಲೇ ಆಗಬೇಕೆಂದರು. ಸರಿಯಾಗಿ ಆಗಲೇ ಅದರ ಮದರ್‌ಬೋರ್ಡ್ ಸುಟ್ಟುಹೋಯಿತು. ಬೀದರಿನ ಹೊರವಲಯದ ಕೊಳಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಕ್ಸೂದ ಹೊಸದನ್ನು ತಂದ.

ಭಾಲಚಂದ್ರರು ಕನ್ನಡಕ ಏರಿಸಿ ಹಳೆಯದನ್ನು ಎಣಿಸಿದರು: ನೂರಾ ಹನ್ನೆರಡು ಚಿಪ್. ಹೊಸದರಲ್ಲಿ ಹದಿನಾಲ್ಕು.

"ಉಳದ ತೊಂಬತ್ತೆಂಟು ಎಲ್ಲಿ ಹೋದ್ವೋ? ಅವೂ ಗುಳೆ ಹೋದ್ವೇನು?"

"ಎಲ್ಲೂ ಹೋಗಿಲ್ರೀ ಸಾಹೇಬ್ರ. ಈ ಬೋರ್ಡಿಗಂತನ ಹೇಳಿ ಮಾಡಿಸಿದ ಚಿಪ್ ರೀ ಇವು. ಮೊದಲ ಇಪ್ಪತ್ತು ಮೂವತ್ತು ಕೂಡಿ ಮಾಡೋ ಕೆಲಸ ಈಗ ಒಂದರ ಹೊಟ್ಯಾಗನ ಅದ. ಬಿಸಿ ಕಡಿಮಿ, ಕೆಡೋದೂ ಕಡಿಮಿ."

"ಹೊಟ್ಟಿ ಕೊಯ್ದು ತೋರಸ್ತೀ?"

ತೋರಿಸಲಾಗಲಿಲ್ಲ. ಭಾಲಚಂದ್ರರು 'ತೊಂಬತ್ತೆಂಟು ಚಿಪ್ ಕಡಿಮೆ' ಎಂದು ಷರಾ ಬರೆದು, ಬೋರ್ಡನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಬೆಂಗಳೂರಿಗೆ ಪತ್ರ ಹಾಕಿದರು. ಸರಕಾರದ ಸ್ವತ್ತು ಉಳಿಸಿದ ತೃಪ್ತಿಗೆ ಅವತ್ತು ಒಂದು ಚಹಾ ಹೆಚ್ಚಿಗೆ ಕುಡಿದರು.

ಮೂರು ತಿಂಗಳಿಗೆ ಉತ್ತರ ಬಂತು: 'ಇರುವುದೇ ಅಷ್ಟು. ಸ್ವೀಕರಿಸಿ.'

ಮಕ್ಸೂದ ಬೋರ್ಡ್ ಕೂರಿಸಿದ. ಸಂಜೆಯೊಳಗೆ ಇನ್ನೂರಾ ಹತ್ತು ಹೆಸರು ಅಚ್ಚಾಗಿ ಹೊರಬಂದವು. ಆ ಕಚೇರಿಯಲ್ಲಿ ಅಷ್ಟು ಬೇಗ ಏನೂ ಆಗಿದ್ದಿಲ್ಲವಾದ್ದರಿಂದ ಎಲ್ಲರಿಗೂ ಸ್ವಲ್ಪ ಗಾಬರಿಯೇ ಆಯಿತು.

ಪಟ್ಟಿ ಒಯ್ಯುವ ಕೆಲಸ ಭಾಲಚಂದ್ರರ ಪಾಲಿಗೇ ಬಂತು. ಔರಾದಿನ ಚಾವಡಿಯಲ್ಲಿ ಕೂತು ಹೆಸರು ಕೂಗಿದರು. "ಇದ್ದೇನ್ರಿ" ಎಂದವರು ಹನ್ನೊಂದು ಜನ. ಉಳಿದ ಮನೆಗಳಿಗೆ ಬೀಗ.

ಹನ್ನೊಂದನೆಯವಳಾಗಿ ಹೆಬ್ಬೆಟ್ಟು ಒತ್ತಿದ ಮುದುಕಿ ಭೀಮಬಾಯಿ ಕೇಳಿದಳು: "ಮೂರು ತಿಂಗಳ ದಾರಿ ನೋಡಿ ಹೋದ್ರರಿ ಮಂದಿ. ಪಟ್ಟಿ ಮಾಡೋದು ಅಷ್ಟು ತ್ರಾಸಿನ ಕೆಲಸೇನ್ರಿ?"

ಭಾಲಚಂದ್ರರು ಪಟ್ಟಿಯಲ್ಲಿ ಹೆಬ್ಬೆಟ್ಟು ಬೀಳದ ಹೆಸರು ಎಣಿಸಿದರು: ನೂರಾ ತೊಂಬತ್ತೊಂಬತ್ತು ಕಡಿಮೆ.

ಬೀದರಿಗೆ ವಾಪಸು ಹೊರಟ ಬಸ್ಸು ಗುಳೆ ಹೊರಟವರ ಗಂಟುಮೂಟೆಗಳಿಂದ ತುಂಬಿತ್ತು. ಕಂಬಿ ಹಿಡಿದು ನಿಂತ ಅವರನ್ನು ಒಬ್ಬಾಕೆ ಮಾತಾಡಿಸಿದಳು.

"ನೀವೂ ಹೈದರಾಬಾದಿಗೇನ್ರಿ ಅಣ್ಣಾರ? ನಿಮಗೂ ಇಲ್ಲಿ ಕೆಲಸ ಸಿಗಲಿಲ್ಲೇನ್ರಿ?"

ಆಕೆ ಗಂಟನ್ನು ಮಡಿಲಿಗೆಳೆದುಕೊಂಡು ಅರ್ಧ ಸೀಟು ಬಿಟ್ಟುಕೊಟ್ಟಳು. ಭಾಲಚಂದ್ರರು ಕೂತರು. ಸೀಟಿನ ಕಾಲು ಎಣಿಸಲಿಲ್ಲ.