ಕುರ್ಚಿಯಲ್ಲಿ ಕುಳಿತೇ ನೋಡಿದ ಡೀಸೆಲ್ ಪಂಪು

ಮಾವನ ಮನೆಯಲ್ಲಿ ನನಗೊಂದು ಕುರ್ಚಿ ಇತ್ತು. ಹಿರೇಕೆರೂರಿನಿಂದ ಸ್ವಲ್ಪ ಒಳಗಿರುವ ಹಳ್ಳಿ ಅದು. ನಾನು ಬಸ್ಸಿಳಿದು ಓಣಿಗೆ ಕಾಲಿಡುವ ಮೊದಲೇ ಕುರ್ಚಿ ಪಡಸಾಲೆಗೆ ಬಂದು, ಅದರ ಮೇಲೊಂದು ತೊಳೆದ ಟವೆಲ್ ಬಿದ್ದಿರುತ್ತಿತ್ತು. ಅದರಲ್ಲಿ ಕುಳಿತರೆ ಮುಗಿಯಿತು. ನೀರು ಕೈಗೇ ಬರುತ್ತದೆ, ಚಹಾ ಕೈಗೇ ಬರುತ್ತದೆ. ಖಾಲಿ ಲೋಟ ಕೆಳಗಿಡಲು ಬಗ್ಗಿದರೆ ಅತ್ತೆ ಓಡಿ ಬಂದು ಕಸಿದುಕೊಳ್ಳುತ್ತಾರೆ. ಸೊಳ್ಳೆ ಕಚ್ಚಿದರೆ ನನ್ನ ಕೈಯಿಂದಲೇ ಕೆರೆದುಕೊಳ್ಳಲು ಬಿಟ್ಟಿದ್ದರಲ್ಲ, ಅದೇ ದೊಡ್ಡದು.

ನಾನು ಪಂಪ್ ಮೇಸ್ತ್ರಿ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕ ಅಂಗಡಿ. ಪಂಪು ಅಂದರೆ ಜನ ಹೊಲದ ಬಾವಿಗೆ ಹೋಗುತ್ತಾರೆ, ಇಲ್ಲವೇ ಡೀಸೆಲ್ ಹಾಕಿಸುವ ಬಂಕಿಗೆ ಹೋಗುತ್ತಾರೆ. ನನ್ನದು ಎರಡೂ ಅಲ್ಲ. ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಒಂದು ಗಡ್ಡೆಯಂಥ ಭಾಗ ಇರುತ್ತದೆ. ಡೀಸೆಲ್ಲನ್ನು ಒತ್ತಡದಿಂದ ಎಂಜಿನ್ನಿನೊಳಗೆ ನೂಕುವುದು ಅದರ ಕೆಲಸ. ಅದು ಕೆಟ್ಟರೆ ಬಿಚ್ಚಿ ಸರಿಮಾಡುವುದು ನನ್ನ ಕೆಲಸ. ಊಟ ಮಾಡುವಾಗಲೂ ಬೆರಳಲ್ಲಿ ಡೀಸೆಲ್ ವಾಸನೆ ಇರುತ್ತದೆ. ನನಗೆ ಅದು ಒಗ್ಗಿದೆ, ಹೆಂಡತಿಗೂ ಒಗ್ಗಿದೆ.

ಒಗ್ಗದೇ ಇದ್ದದ್ದು ಮಾವನಿಗೆ. ಮದುವೆಯ ಹೊತ್ತಿಗೆ ಅವರು ಊರ ತುಂಬ ಅಳಿಯ ಕಂಪನಿಯಲ್ಲಿ ಎಂಜಿನಿಯರ್ ಎಂದು ಹೇಳಿಬಿಟ್ಟಿದ್ದರು. ಅಕ್ಷತೆ ಬಿದ್ದ ಮೇಲೆ ಯಾರೋ ಹಿರಿಯರು ಬಂದು, "ಯಾವ ಕಂಪನಿರಿ?" ಎಂದು ಕೇಳಿದಾಗಲೇ ನನಗೆ ನನ್ನ ನೌಕರಿ ಗೊತ್ತಾಗಿದ್ದು. ಬಾಸಿಂಗ ಕಟ್ಟಿಕೊಂಡವನು ಏನು ಹೇಳಿಯಾನು, ನಕ್ಕೆ. ಆಮೇಲೆ ಪ್ರತಿ ಸಲ ಅಲ್ಲಿಗೆ ಹೊರಡುವ ಮುಂಚೆ ಹೆಂಡತಿ ನಿಂಬೆಹಣ್ಣಿನ ಹೋಳು ಹಿಡಿದು ನನ್ನ ಉಗುರು ತಿಕ್ಕಲು ಕೂರುವುದು ರೂಢಿಯಾಯಿತು. ಮೊದಮೊದಲು ನನಗೂ ತಮಾಷೆಯೇ. ಬರಬರುತ್ತಾ ಚುಚ್ಚತೊಡಗಿತು. ಆ ಕುರ್ಚಿಯ ಮರ್ಯಾದೆಯಲ್ಲಿ ಅರ್ಧ ಪಾಲು ನನ್ನ ಕೈ ಯಾರಿಗೂ ಕಾಣದಿರಲಿ ಎಂಬುದಕ್ಕೇ ಇತ್ತು. ನನಗೆ ಬೇಕಾಗಿದ್ದದ್ದು ಒಂದೇ: ಆ ಓಣಿಯ ಮುಂದೆ ಮಾವ ಒಮ್ಮೆ, ಒಂದೇ ಒಂದು ಸಲ, ನನ್ನನ್ನು ಮೇಸ್ತ್ರಿ ಎನ್ನಬೇಕು.

ಮಾವನ ಹತ್ತಿರ ಒಂದು ಹಳೆಯ ಡೀಸೆಲ್ ಪಿಕಪ್ ಇದೆ. ಸವಣೂರಿನಿಂದ ವೀಳ್ಯದೆಲೆ ಬುಟ್ಟಿ ತುಂಬಿಕೊಂಡು ರಟ್ಟೀಹಳ್ಳಿ, ಹಿರೇಕೆರೂರು ಸಂತೆಗಳಿಗೆ ಹಾಕುತ್ತಾರೆ. ಎಲೆ ಬಾಡಬಾರದೆಂದು ಮೇಲೆ ಒದ್ದೆ ಗೋಣಿಚೀಲ ಹೊದಿಸಿರುತ್ತಾರೆ. ಆ ಗಾಡಿ ಎಂದರೆ ಅವರಿಗೆ ಜೀವ. ಅತ್ತೆಗೆ ಜ್ವರ ಬಂದರೆ ಗುಳಿಗೆ ನುಂಗು ಎನ್ನುವವರು, ಗಾಡಿ ಕೆಮ್ಮಿದರೆ ಊಟ ಬಿಡುತ್ತಾರೆ.

ಆ ಗಾಡಿಗೆ ರೋಗ ಬಂದಿತ್ತು. ನನ್ನೊಬ್ಬನನ್ನು ಬಿಟ್ಟು ಮೂರು ತಾಲೂಕಿನ ಜನಕ್ಕೆಲ್ಲ ಅದು ಗೊತ್ತಿತ್ತು. ಸವಣೂರಿನ ಮೇಸ್ತ್ರಿ ಬ್ಯಾಟರಿ ಬದಲಿಸಿದ. ಹಾನಗಲ್ಲಿನವನು ಫಿಲ್ಟರ್ ಬದಲಿಸಿ ಟ್ಯಾಂಕ್ ತೊಳೆದ. ರಟ್ಟೀಹಳ್ಳಿಯವನು ಎಂಜಿನ್ನೇ ಹೋಗಿದೆ, ಮಾರಿಬಿಡಿ ಎಂದ. ಅವರದೂ ತಪ್ಪಿಲ್ಲ. ಮಾವ ಸಂಜೆ ಗಾಡಿ ಬಿಟ್ಟು ಬರುವರು, ಅವರು ಬೆಳಿಗ್ಗೆ ನೋಡುವರು. ಬೆಳಿಗ್ಗೆ ಅದು ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ. ಬಿಸಿಯಾದ ಮೇಲೆ ಬಂದ್ ಮಾಡಿದರೆ ಮಾತ್ರ ಜಪ್ಪಯ್ಯ ಅಂದರೂ ಏಳದು. ಮಾವ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಬಂದ್ ಮಾಡುವುದನ್ನೇ ಬಿಟ್ಟರು. ಸಂತೆಯಲ್ಲಿ ಎಲೆ ಮಾರಿ ಮುಗಿಯುವವರೆಗೂ ಗಾಡಿ ಗುಡುಗುಡು ಅನ್ನುತ್ತಲೇ ನಿಂತಿರುತ್ತಿತ್ತಂತೆ.

ಸೀಗಿ ಹುಣ್ಣಿಮೆಗೆ ನಾವಿಬ್ಬರೂ ಹೋದಾಗ ನಾನು ಇದನ್ನು ಕಣ್ಣಾರೆ ಕಂಡೆ. ಕುರ್ಚಿಯಲ್ಲಿ ಕುಳಿತು ಕರಿಗಡಬು ತಿನ್ನುತ್ತಿದ್ದೆ. ಸವಣೂರಿನಿಂದ ಬಂದ ಮಾವ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಚಾಲೂ ಇಟ್ಟೇ ಇಳಿದು, ಕಾಲು ತೊಳೆದು ಒಳಗೆ ಬಂದರು.

"ಮಾವಾರ, ಗಾಡಿ ಬಂದ್ ಮಾಡೋದು ಮರ್ತ್ರಿ," ಎಂದೆ.

"ಇರ್ಲಿ ಬಿಡ್ರಿ ಅಳಿಯಂದ್ರ. ಸ್ವಲ್ಪ ಹೊತ್ತು ಗಾಳಿ ಆಡ್ಲಿ," ಎಂದರು ಮಾವ.

ಗಾಳಿ ಆಡಲು ಬಿಟ್ಟ ಎಂಜಿನ್ನನ್ನು ನಾನು ಅಂದೇ ಕಂಡಿದ್ದು. ನಾನು ಅವರ ಮುಖ ನೋಡಿದೆ, ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಇನ್ನು ತಡೆಯಲಾರದೆ ಅತ್ತೆಯೇ ಬಾಯಿಬಿಟ್ಟರು. ಮೂರೂ ಮೇಸ್ತ್ರಿಗಳ ಕಥೆ ಹೇಳಿ, "ಇವತ್ತ ಹಾನಗಲ್ಲದ ಗಿರಾಕಿ ಒಬ್ಬಾಂವ ಗಾಡಿ ಕೊಂಡು ಒಯ್ಯಾಕ ಬರ್ತಾನ. ನಿಮಗ ಹೇಳಬ್ಯಾಡ ಅಂದಿದ್ರು," ಎಂದರು.

ನನಗೆ ಸಿಟ್ಟು ಬಂತು. ಮನೆಯಲ್ಲಿ ಪಂಪ್ ಮೇಸ್ತ್ರಿಯನ್ನು ಕುರ್ಚಿಯಲ್ಲಿ ಕೂರಿಸಿಟ್ಟು ಗಾಡಿ ಮಾರುವವರಿಗೆ ಏನೆನ್ನಬೇಕು? ಎದ್ದು ಹೊರಗೆ ಹೋಗಿ ಚಾವಿ ತಿರುಗಿಸಿ ಬಂದ್ ಮಾಡಿದೆ. ಮತ್ತೆ ಸೆಲ್ಫ್ ಹೊಡೆದೆ. ಎಂಜಿನ್ ಗರಗರ ತಿರುಗಿತೇ ಹೊರತು ಹೊತ್ತಲಿಲ್ಲ. ಬಾನೆಟ್ಟಿಗೆ ಕೈ ಹಾಕುವಷ್ಟರಲ್ಲಿ ಮಾವ ಓಡಿ ಬಂದು ರಟ್ಟೆ ಹಿಡಿದರು. ಎದುರು ಕಟ್ಟೆಯ ಮೇಲೆ ಓಣಿಯ ಹಿರಿಯರು ಕುಳಿತಿದ್ದರು. ಅಷ್ಟರಲ್ಲಿ ಹಾನಗಲ್ಲಿನ ಗಿರಾಕಿಯ ಮೋಟರ್‌ಸೈಕಲ್ಲೂ ಬಂದು ನಿಂತಿತು.

"ನೀವು ಕೈ ಹಚ್ಚಬ್ಯಾಡ್ರಿ. ಕುಂದರ್ರಿ," ಎಂದು ಮಾವ ಕುರ್ಚಿಯನ್ನೇ ಹೊರಗೆ ತಂದು ಬೇವಿನ ನೆರಳಲ್ಲಿ ಹಾಕಿದರು.

ಸರಿ, ಕುಳಿತೆ. ಕುಳಿತಲ್ಲಿಂದಲೇ ಚಿಕಿತ್ಸೆ ಶುರುಮಾಡಿದೆ. ಬಾನೆಟ್ ಎತ್ತಲು ಹೇಳಿ, "ಅತ್ತೀಯವರ, ಎಲಿ ಮ್ಯಾಲಿನ ಒದ್ದಿ ಚೀಲ ತರ್ರಿ. ಎಂಜಿನ್ ಬಾಜೂಕ ನಾಕು ಸಣ್ಣ ಪೈಪ್ ಹೊಂಟಾವಲ್ಲ, ಆ ಗಡ್ಡಿ ಮ್ಯಾಲೆ ಹೊಚ್ಚರಿ," ಎಂದೆ. ಅತ್ತೆ ಸೆರಗು ಸಿಕ್ಕಿಸಿ, ಜ್ವರದ ಮಗುವಿಗೆ ತಣ್ಣೀರು ಪಟ್ಟಿ ಹಾಕುವ ಹಾಗೆ ಚೀಲವನ್ನು ಮಡಚಿ ಪಂಪಿನ ಮೇಲಿಟ್ಟರು. ಹೆಂಡತಿ ತಂಬಿಗೆಯಿಂದ ತುಸು ತುಸುವೇ ನೀರು ಹನಿಸಿದಳು. ಪಂಪು ತಣಿಯಲೆಂದು ಸ್ವಲ್ಪ ಕಾದು, ಮಾವನಿಗೆ ಚಾವಿ ತಿರುಗಿಸಲು ಹೇಳಿದೆ. ಗಾಡಿ ಒಂದೇ ಸಲಕ್ಕೆ ಎದ್ದು ಕೂತಿತು.

ಅತ್ತೆಯ ಮುಖ ನೋಡಬೇಕಿತ್ತು. ತಾವೇ ಎಂಜಿನ್ ಕಟ್ಟಿದವರ ಹಾಗೆ ಕಟ್ಟೆಯ ಕಡೆ ತಿರುಗಿ ನಿಂತಿದ್ದರು.

ನಾನು ಹೇಳಿದೆ: ಎಂಜಿನ್ ಹೋಗಿದ್ದರೆ ಬೆಳಗಿನ ತಂಪಿನಲ್ಲೇ ಮೊದಲು ಹಟ ಮಾಡುತ್ತಿತ್ತು. ಇದು ಬಿಸಿಯಾದಾಗ ಮಾತ್ರ ಹಟ ಮಾಡುತ್ತದೆ. ಪಂಪಿನ ಒಳಭಾಗ ಸವೆದಿದೆ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಒಳಗೊಳಗೇ ಸೋರಿಹೋಗುತ್ತದೆ, ಎಂಜಿನ್ನಿಗೆ ಹೋಗುವಷ್ಟು ಒತ್ತಡ ಬರುವುದಿಲ್ಲ.

ಗಿರಾಕಿ ಒಪ್ಪುವವನೇ? "ನೀರು ಹಾಕಿದ್ರ ಮಲಗಿದ ಎಮ್ಮಿನೂ ಏಳ್ತೈತ್ರಿ. ಎಂಜಿನ್ ಹೋಗೈತಿ, ನಾ ಗುಜರಿ ರೇಟಿಗೇ ಒಯ್ಯಾಂವ," ಎಂದ. ಕಟ್ಟೆಯವರು ನಕ್ಕರು. ಮಾವನ ಮುಖ ಸಣ್ಣದಾಯಿತು.

ಇನ್ನು ಉಳಿದಿದ್ದು ಒಂದೇ ಪರೀಕ್ಷೆ. ಗಾಡಿ ಮತ್ತೆ ಬಿಸಿಯಾಗಬೇಕು, ಬಂದ್ ಮಾಡಿ, ಎಂಜಿನ್ನಿಗೆ ಹೋಗುವ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಪಂಪು ಸರಿಯಿದ್ದರೆ ಅಲ್ಲಿ ಡೀಸೆಲ್ ಚಿಮ್ಮುತ್ತದೆ. ಅದನ್ನು ಕುರ್ಚಿಯಲ್ಲಿ ಕುಳಿತು ಮಾಡಲಾಗುವುದಿಲ್ಲ. ಅತ್ತೆಗೂ ಹೇಳಿಕೊಡಲಾಗುವುದಿಲ್ಲ.

ಮಾವ ಗಾಡಿಯನ್ನು ಕೆರೆಯವರೆಗೆ ಓಡಿಸಿಕೊಂಡು ಬಂದು ಬಂದ್ ಮಾಡಿದರು. ನಾನು ಎದ್ದು ನಿಂತು ಹೇಳಿದೆ: "ಮಾವಾರ, ನಟ್ ಬಿಚ್ಚಾಕ ಒಂದು ಪಾನಾ ಬೇಕಾಗಿತ್ತು."

ಅವರು ಕಟ್ಟೆಯ ಕಡೆ ನೋಡಿದರು. ಗಿರಾಕಿಯ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ. ಬ್ಯಾಡ ಎಂದರೆ ನಾನು ಸುಮ್ಮನೆ ಮತ್ತೆ ಕೂರುವವನಿದ್ದೆ; ಅವರ ಮಾತು ಮೀರಿ ಮೇಸ್ತ್ರಿಯಾಗುವುದು ನನಗೆ ಬೇಕಿರಲಿಲ್ಲ. ಕೊನೆಗೆ ಸೀಟಿನ ಹಿಂದಿನಿಂದ ಪಾನಾ ತೆಗೆದು ನನ್ನ ಕೈಗಿಟ್ಟರು.

ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ನೋಡಿದೆ. ಗಟ್ಟಿಯಾಗಿತ್ತು, ಅಂದರೆ ಟ್ಯಾಂಕಿನಿಂದ ಡೀಸೆಲ್ ಸರಿಯಾಗಿ ಬರುತ್ತಿದೆ, ಗಾಳಿ ಹೊಕ್ಕಿಲ್ಲ. ಪೈಪಿನ ನಟ್ ಸಡಿಲಿಸಿ ಮಾವನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಡೀಸೆಲ್ ಚಿಮ್ಮಲಿಲ್ಲ, ಬೆವರಿನ ಹಾಗೆ ಒಸರಿತು. ಒದ್ದೆ ಚೀಲ ಹೊಚ್ಚಿ, ತಣಿದ ಮೇಲೆ ಮತ್ತೆ ಹೊಡೆಸಿದೆ. ಅದೇ ಜಾಗದಿಂದ ಪಿಚಕಾರಿ ಹೊಡೆದಂತೆ ಚಿಮ್ಮಿ ನನ್ನ ಅಂಗಿ, ಮೀಸೆ, ಹಣೆ ಎಲ್ಲಾ ತೊಯ್ಯಿಸಿತು.

ಗಿರಾಕಿ ಬಗ್ಗಿ ನೋಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಾವನ ಕಡೆ ತಿರುಗಿದ. "ಅಲ್ರಿ ಯಜಮಾನ್ರ, ಅಳಿಯಂದ್ರು ಕಂಪನ್ಯಾಗ ಎಂಜಿನಿಯರ್ ಅದಾರ ಅಂತಿದ್ರಿ. ಇದೆಲ್ಲಾ ಇವರಿಗೆ ಹೆಂಗ ಗೊತ್ತು?"

ನಾನು ಬಾನೆಟ್ಟಿನೊಳಗೆ ತಲೆ ಹಾಕಿಯೇ ನಿಂತಿದ್ದೆ, ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ.

"ಎಂಜಿನಿಯರ್ ಅಲ್ಲ," ಎಂದರು ಮಾವ. ಕಟ್ಟೆಯವರೆಗೂ ಕೇಳಿಸುವಷ್ಟು ಜೋರಾಗಿಯೇ ಎಂದರು. "ಮೇಸ್ತ್ರಿ ಅದಾರ. ಶಿಗ್ಗಾಂವ್ಯಾಗ ಸ್ವಂತ ಅಂಗಡಿ ಐತಿ. ಗಾಡಿ ಮಾರೂದಿಲ್ಲ, ನೀವು ಚಹಾ ಕುಡದು ಹೋಗ್ರಿ."

ನಟ್ ಬಿಗಿಮಾಡಬೇಕಿತ್ತು. ಇಷ್ಟು ವರ್ಷ ದಿನವಿಡೀ ಅದೇ ಕೆಲಸ ಮಾಡಿದವನಿಗೆ, ಆ ಖುಷಿಯಲ್ಲಿ, ಅದನ್ನು ಯಾವ ಕಡೆ ತಿರುಗಿಸಬೇಕೆಂಬುದೇ ಮರೆತುಹೋಯಿತು. ಪಾನಾ ಹಿಡಿದು ಸುಮ್ಮನೆ ನಿಂತೆ.

"ಬಲಕ್ಕ ತಿರುವ್ರಿ, ಮೇಸ್ತ್ರಿ," ಎಂದರು ಮಾವ, ನನಗೊಬ್ಬನಿಗೇ ಕೇಳಿಸುವ ಹಾಗೆ.