ಕೈ ಕಲ್ಯಾಣಿಯದು, ಮಾತು ಶಿಲ್ಪಶ್ರೀಯದು

ಪದ್ಮನಾಭನಗರದ ಆ ಅಡ್ಡರಸ್ತೆ ಇನ್ನೂ ಪೂರ್ತಿ ಎದ್ದಿಲ್ಲ. ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯೊಂದರ ಗೇಟಿನೊಳಗೆ, ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಹಳೆಯ ಬಿಳಿ ಕಾರಿನಡಿ ಗೋಣಿತಾಟು ಹಾಸಿಕೊಂಡು ಕಲ್ಯಾಣಿ ಅಂಗಾತ ಮಲಗಿದ್ದಾರೆ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಸೈಲೆನ್ಸರ್ ಪೈಪಿನ ಮೇಲಿದೆ. ಹೆಬ್ಬೆರಳ ಗಾತ್ರದ ಒಂದು ಲೋಹದ ತುಂಡು ಆ ಪೈಪಿಗೆ ಕಚ್ಚಿಕೊಂಡು ಕೂತಿದೆ. ಅದಕ್ಕೊಂದು ವೈರಿನ ಬಾಲ. ಅದೇ ಆಕ್ಸಿಜನ್ ಸೆನ್ಸರು.

ಎಂಜಿನ್ನಿನಿಂದ ಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ, ಪೆಟ್ರೋಲು ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು ಕಾರಿನ ಕಂಪ್ಯೂಟರಿಗೆ ಹೇಳುತ್ತಲೇ ಇರುವುದು ಇದರ ಕೆಲಸ. ಇದು ಮಂಕಾದರೆ ಗಾಡಿ ಸುಮ್ಮಸುಮ್ಮನೆ ಪೆಟ್ರೋಲು ಕುಡಿಯುತ್ತದೆ, ಎದುರಿಗೆ ಹಳದಿ ದೀಪ ಹತ್ತಿಕೊಂಡು ಆರುವುದೇ ಇಲ್ಲ. ಕಲ್ಯಾಣಿ ಮನೆಮನೆಗೆ ಹೋಗಿ ಆ ದೀಪದ ಕಾರಣ ಹುಡುಕುವವರು. ಆಫೀಸಿಗೆ ಹೋಗುವವರ ಕಾರು ಕೈಗೆ ಸಿಗುವುದು ಬೆಳಗ್ಗೆ ಮಾತ್ರ. ಹಾಗಾಗಿ ತಿಲಕ್ ನಗರದ ಮನೆಯಿಂದ ಅವರ ಸ್ಕೂಟರು ಹೊರಡುವಾಗ ಬೀದಿದೀಪ ಉರಿಯುತ್ತಲೇ ಇರುತ್ತದೆ. ದಿನಕ್ಕೆ ಎರಡು ಮೂರು ಮನೆ, ಮಳೆಗಾಲದಲ್ಲಿ ಇನ್ನೂ ಒಂದೆರಡು ಹೆಚ್ಚು. ಇಲಿ ವೈರು ಕಡಿಯುವುದು ಆಗಲೇ.

ಇವತ್ತಿನ ಕಾರು ಅನಂತರಾಮು ಅವರದು. ತ್ಯಾಗರಾಜನಗರದಲ್ಲಿ ಹಪ್ಪಳ ಸಂಡಿಗೆ ಅಂಗಡಿ ಇಟ್ಟಿರುವ ಇವರು ಫೋನಿನಲ್ಲಿ ವಿಡಿಯೋ ನೋಡಿ, ಹೊಸ ಸೆನ್ಸರನ್ನು ತರಿಸಿಕೊಂಡು, ನಿನ್ನೆ ತಾವೇ ಬದಲಿಸಲು ಹೋಗಿ ಸೋತಿದ್ದಾರೆ.

“ಇವರು ತೋರಿಸಿದ ಹಾಗೇ ಮಾಡ್ದೆ ಅಮ್ಮ. ಜಗ್ಗಲೇ ಇಲ್ಲ,” ಎನ್ನುತ್ತ ಅವರು ಬಗ್ಗಿ ಫೋನನ್ನು ಕಾರಿನಡಿಗೆ ಚಾಚುತ್ತಾರೆ. “ನೀವೂ ಒಂದ್ಸಲ ನೋಡ್ಬಿಡಿ. ಈ ಹುಡುಗಿ ಎಷ್ಟು ನೀಟಾಗಿ ಬಿಚ್ತಾಳೆ ನೋಡಿ!”

ಪರದೆಯ ಮೇಲೆ ಎರಡು ಕೈಗಳು. ಎಡಗೈ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆ. ಬಲಗೈ ಸ್ಪ್ಯಾನರನ್ನು ಕೂರಿಸಿ, ಒಂದು ಕ್ಷಣ ತಡೆದು, ಒಂದೇ ಏಟಿಗೆ ಸೆನ್ಸರನ್ನು ಸಡಿಲಿಸುತ್ತದೆ. ಮಾತು ಮಾತ್ರ ಜೆಪಿ ನಗರದಲ್ಲಿ ದೊಡ್ಡ ಗ್ಯಾರೇಜು ನಡೆಸುವ ಶಿಲ್ಪಶ್ರೀಯದು. ಕೊನೆಗೆ ಕ್ಯಾಮೆರಾ ಮೇಲೇರುತ್ತದೆ. ಶಿಲ್ಪಶ್ರೀ ನಗುತ್ತ ಕೈ ಮುಗಿಯುತ್ತಾರೆ.

ಸ್ಪ್ಯಾನರ್ ಹಿಡಿದ ಆ ಕೈಗಳು ಕಲ್ಯಾಣಿಯವು.

ಕಾರಿನಡಿ ಮಲಗಿಕೊಂಡೇ ಅವರು ವಿಡಿಯೋವನ್ನು ಪೂರ್ತಿ ನೋಡುತ್ತಾರೆ. ಹಿಂದೆ ಎಷ್ಟೋ ಸಲ ನೋಡಿದ್ದಾರೆ. ಪ್ರತಿ ಸಲವೂ ಕಿವಿಗೊಟ್ಟು ಕೇಳುವುದು ಒಂದೇ ಕಾರಣಕ್ಕೆ: ಶಿಲ್ಪಶ್ರೀ ಎಲ್ಲಾದರೂ ಒಂದು ಮಾತು ತಪ್ಪು ಹೇಳಿರಬಹುದೇ ಎಂದು. ಈ ಸಲವೂ ಸಿಗುವುದಿಲ್ಲ. “ಎಂಜಿನ್ ಸ್ವಲ್ಪ ಬೆಚ್ಚಗಿರ್ಲಿ. ಪೂರ್ತಿ ತಣ್ಣಗಿದ್ರೆ ಸೆನ್ಸರ್ ಬರಲ್ಲ, ಸುಡ್ತಾ ಇದ್ರೆ ನಿಮ್ಮ ಕೈ ಬರಲ್ಲ,” ಎಂದು ಆ ದನಿ ಸಲೀಸಾಗಿ ಹೇಳುತ್ತದೆ.

“ಈ ಮಾತು ಕೇಳಿಸ್ಕೊಂಡ್ರಾ ಅಂಕಲ್?”

“ಅಯ್ಯೋ, ಆ ಭಾಗ ಮುಂದಕ್ಕೆ ತಳ್ಬಿಟ್ಟಿದ್ದೆ,” ಎಂದು ಅನಂತರಾಮು ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಕಲ್ಯಾಣಿ ಹೊರಗೆ ಬಂದು ಎಂಜಿನ್ ಚಾಲೂ ಮಾಡಿಸುತ್ತಾರೆ. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ ಸ್ಕ್ಯಾನರಿನಲ್ಲಿ ಒಂದು ಗೆರೆ ಮೇಲೆ ಕೆಳಗೆ ಕುಣಿಯಬೇಕು. ಅದು ಚಾಪೆಯ ಹಾಗೆ ಚಪ್ಪಟೆ ಬಿದ್ದುಕೊಂಡಿದೆ. ಗೆರೆ ಚಪ್ಪಟೆಯಾದ ಮಾತ್ರಕ್ಕೆ ಸೆನ್ಸರು ಸತ್ತಿದೆ ಎಂದು ಅವರು ಒಪ್ಪುವುದಿಲ್ಲ. ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿ ಇಲಿ ಕಚ್ಚಿಲ್ಲವೆಂದು ನೋಡುತ್ತಾರೆ, ಪೈಪಿನ ಜೋಡಣೆಯ ಹತ್ತಿರ ಕೈ ಹಿಡಿದು ಹೊಗೆ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೇ ಎಂಜಿನ್ ಆರಿಸಿ, ಅಂಚಿಗೆ ಎಣ್ಣೆ ಹೊಡೆದು, ವೈರು ತೂರಲು ಪಕ್ಕದಲ್ಲಿ ಸೀಳಿರುವ ಸ್ಪ್ಯಾನರನ್ನು ಕೂರಿಸುವುದು. ಕಿರ್ರೆಂದು ಒಂದು ಸದ್ದು. ಹಳೆಯ ಸೆನ್ಸರು ಮಸಿ ಹಿಡಿದು ಹೊರಗೆ ಬರುತ್ತದೆ. ಹೊಸದರ ಮೂತಿ ಮುಟ್ಟದೆ, ತಿರುಪಿನ ಸುತ್ತುಗೆರೆಗಳಿಗೆ ಮಾತ್ರ ಚೂರು ಗ್ರೀಸು ಸವರಿ, ಮೊದಲು ಬೆರಳಲ್ಲೇ ತಿರುಗಿಸಿ ಬಿಗಿಯುತ್ತಾರೆ. ಮತ್ತೆ ಚಾಲೂ ಮಾಡಿ, ಅದು ಬಿಸಿಯಾಗುವವರೆಗೆ ತಡೆದು ನೋಡಿದಾಗ ಗೆರೆ ಕುಣಿಯತೊಡಗುತ್ತದೆ.

“ಅವರ ವಿಡಿಯೋದಲ್ಲಿ ಹೆಂಗಿತ್ತೋ ಹಂಗೇ ಮಾಡಿದ್ರಲ್ಲ!” ಎಂದು ಅನಂತರಾಮು ಮನಸಾರೆ ಹೊಗಳುತ್ತಾರೆ.

ಕಲ್ಯಾಣಿ ಸಾಮಾನು ಚೀಲಕ್ಕೆ ತುಂಬುತ್ತಾರೆ. “ಬಾಯಿಗೆ ಬಂದಿತ್ತು, ಅದು ನನ್ನ ಕೈ ಅಂತ. ನುಂಗ್ಕೊಂಡೆ,” ಎನ್ನುತ್ತಾರೆ ಆಮೇಲೆ, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನೊಡನೆ. “ಅವರು ನಂಬ್ದೇ ಇದ್ದಿದ್ರೆ? ಆ ಉರಿ ಇನ್ನೂ ಜಾಸ್ತಿ.”

ಉರಿ ಎಂಬ ಮಾತನ್ನು ಅವರು ಮುಚ್ಚಿಡುವುದಿಲ್ಲ. ಹೊಟ್ಟೆಕಿಚ್ಚು ಪಡುತ್ತೀರಾ ಎಂದು ಕೇಳಿದರೆ, “ಪಡ್ತೀನಿ, ಯಾಕೆ ಸುಳ್ಳು ಹೇಳ್ಲಿ?” ಎನ್ನುತ್ತಾರೆ.

ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಕಲಿತವರು. ತಿಲಕ್ ನಗರದ ಪಿಳ್ಳಣ್ಣನವರ ಶೆಡ್ಡಿಗೆ ಕಲ್ಯಾಣಿ ಮೊದಲು ಹೋಗಿದ್ದು ಬಿಡಿಭಾಗ ತೊಳೆಯುವ ಕೆಲಸಕ್ಕೆ. ತಾಯಿ ಅಣ್ಣಮ್ಮ ತಲೆಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಜಯನಗರದ ಬೀದಿಗಳಲ್ಲಿ ಮಾರುತ್ತಿದ್ದ ಕಾಲ ಅದು. ಒಂದು ವರ್ಷದ ನಂತರ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ ಶಿಲ್ಪಶ್ರೀ ಕೆಲಸ ಕಲಿಯಲು ಅಲ್ಲಿಗೇ ಬಂದರು. ಅವರ ತಂದೆಗೆ ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಹುಡುಗಿಯರಿಬ್ಬರೂ ಒಂದೇ ಟಿಫನ್ ಡಬ್ಬಿಯಲ್ಲಿ ಉಂಡರು, ಒಂದೇ ಕಾರಿನಡಿ ಮಲಗಿದರು. ಮಣಿಕಟ್ಟಿನ ಸುಟ್ಟಗಾಯ ಅಲ್ಲಿಯದೇ. ಕಾದ ಪೈಪಿಗೆ ಶಿಲ್ಪಶ್ರೀಯ ಕೆನ್ನೆ ತಗಲುವುದರಲ್ಲಿತ್ತು, ಕಲ್ಯಾಣಿ ನಡುವೆ ಕೈ ಇಟ್ಟರು.

“ಕೆಲಸ ನಾನು ಬೇಗ ಮಾಡ್ತಿದ್ದೆ. ಆದ್ರೆ ಗಿರಾಕಿ ಬಂದ್ರೆ ಪಿಳ್ಳಣ್ಣ ಅವಳನ್ನೇ ಕರೆಯೋರು. ‘ಏನಾಗಿದೆ ಅಂತ ನೀನು ಹೇಳಮ್ಮ’ ಅನ್ನೋರು. ನಾನು ಅಡಿಯಿಂದ ಅವರೆಲ್ಲರ ಚಪ್ಪಲಿ ನೋಡ್ತಾ ಇರ್ತಿದ್ದೆ.”

ಪಿಳ್ಳಣ್ಣ ತೀರಿಕೊಂಡರು, ಶೆಡ್ಡು ಮುಚ್ಚಿತು. ಶಿಲ್ಪಶ್ರೀ ತಂದೆಯ ನೆರವಿನಿಂದ ಗ್ಯಾರೇಜು ಹಾಕಿದರು. ಮಹಿಳಾ ದಿನ ಬಂದರೆ ಅವರಿಗೆ ಶಾಲು, ಫಲಕ, ಟಿವಿಯಲ್ಲಿ ಮಾತು. ಕಲ್ಯಾಣಿ ಒಂದು ಚೀಲ, ಒಂದು ಸ್ಕ್ಯಾನರು ಇಟ್ಟುಕೊಂಡು ಮನೆಮನೆಯ ಹಾದಿ ಹಿಡಿದರು. ಶುರುವಿನಲ್ಲಿ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಮನೆಗೆಲಸದವರ ಗೇಟು ತೋರಿಸುತ್ತಿದ್ದರು. ಒಳಗೆ ಬಿಟ್ಟ ಮೇಲೂ ಕೆಲವರು, ಮೆಕ್ಯಾನಿಕ್ ಹಿಂದೆ ಬರ್ತಿದ್ದಾನಾ ಎಂದು ಬಾಗಿಲಾಚೆ ಇಣುಕುತ್ತಿದ್ದರು. ಈಗ ಗುರುತಿನವರೇ ಇನ್ನೊಬ್ಬರಿಗೆ ನಂಬರು ಕೊಡುತ್ತಾರೆ. ಆದರೂ ಹೊಸ ಮನೆಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪುವುದಿಲ್ಲ: “ಟಿವಿಲಿ ಬಂದಿದ್ದೋರು ನೀವೇನಾ?”

ಹೋದ ವರ್ಷ ಶಿಲ್ಪಶ್ರೀಯೇ ಫೋನು ಮಾಡಿದರು. ಜನ ಮನೆಯಲ್ಲೇ ಸೆನ್ಸರು ಬದಲಿಸಿಕೊಳ್ಳುವುದು ಹೇಗೆಂದು ಒಂದು ವಿಡಿಯೋ ಮಾಡಬೇಕಿತ್ತು. “ನನಗೆ ಈಗ ಕೈ ತಡವರಿಸುತ್ತೆ ಕಣೇ. ನೀನು ಬಿಚ್ಚು, ನಾನು ಮಾತಾಡ್ತೀನಿ,” ಎಂದರು. ಕಲ್ಯಾಣಿ ಹೋದರು. ಅವಳ ಕೈ ತಡವರಿಸುತ್ತದೆ ಎಂಬ ಮಾತನ್ನು ಇನ್ನೊಂದು ಸಲ ಎದುರಿಗೇ ಕೇಳಬೇಕೆಂಬ ಆಸೆಯೂ ಅದರಲ್ಲಿತ್ತು ಎಂದು ನಗುತ್ತಾರೆ. ಚಿತ್ರೀಕರಣ ಶುರುವಾಗುವ ಮೊದಲು ಶಿಲ್ಪಶ್ರೀ, “ನಿನ್ನ ಮುಖಾನೂ ತೋರಿಸ್ಲಾ?” ಎಂದರು. ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ನಿಂತಿದ್ದ ಗೆಳತಿಯ ಪಕ್ಕ, ಗ್ರೀಸು ಮೆತ್ತಿದ ತನ್ನ ಚೂಡಿದಾರವನ್ನು ನೋಡಿಕೊಂಡು ಕಲ್ಯಾಣಿ ಬೇಡವೆಂದರು. ವಿಡಿಯೋ ಊರೆಲ್ಲ ಹರಿದಾಡಿತು.

ಅನಂತರಾಮು ಅವರ ಮನೆಯಿಂದ ಹೊರಟ ಸ್ಕೂಟರು ಇವತ್ತು ತಿಲಕ್ ನಗರಕ್ಕೆ ತಿರುಗುವುದಿಲ್ಲ. ಸೀದಾ ಜೆಪಿ ನಗರಕ್ಕೆ ಹೋಗುತ್ತದೆ. ಗ್ಯಾರೇಜಿನ ಷಟರು ಆಗತಾನೆ ಎದ್ದಿದೆ. ಶಿಲ್ಪಶ್ರೀ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

“ಇವತ್ತು ಒಬ್ಬರು ನನ್ನ ಕೈಯನ್ನ ನನಗೇ ತೋರಿಸಿ, ಇದನ್ನ ನೋಡಿ ಕಲ್ತ್ಕೊಳಿ ಅಂದ್ರು,” ಎನ್ನುತ್ತಾರೆ ಕಲ್ಯಾಣಿ, ಹೆಲ್ಮೆಟ್ಟನ್ನೂ ತೆಗೆಯದೆ.

ಶಿಲ್ಪಶ್ರೀಗೆ ನಗು ಬರುತ್ತದೆ. ಎದುರಿನ ಮುಖ ನೋಡಿ ಅದು ನಿಲ್ಲುತ್ತದೆ. “ನಾನು ಕೇಳಿದ್ನಲ್ಲೇ. ನೀನೇ ಬೇಡ ಅಂದೆ.”

“ಮುಖ ಬೇಡ ಅಂದೆ. ಹೆಸರು ಬೇಡ ಅಂದ್ನಾ?”

ಶಿಲ್ಪಶ್ರೀ ಲೋಟ ಕೆಳಗಿಡುತ್ತಾರೆ. “ನಿಜ ಹೇಳ್ಲಾ? ಹೆಸರು ಹಾಕ್ಬೇಕು ಅಂತ ನನಗೆ ಹೊಳೀಲೇ ಇಲ್ಲ.”

“ಬೇಕೂಂತ ಬಿಟ್ಟಿದ್ರೆ ಜಗಳ ಆಡಿ ಸುಮ್ನಾಗ್ತಿದ್ದೆ. ಹೊಳೀಲೇ ಇಲ್ಲ ಅಂತೀಯಲ್ಲ, ಅದಕ್ಕೇ ಕಣೇ ಉರಿಯೋದು.”

ಒಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದಾರೆ. ಕೊನೆಗೆ ಶಿಲ್ಪಶ್ರೀ, “ಇನ್ನೊಂದು ಮಾಡೋಣ ಬಾ. ಪೈಪಿನ ಹಿಂಭಾಗದಲ್ಲಿ ಇನ್ನೊಂದು ಸೆನ್ಸರ್ ಇರುತ್ತಲ್ಲ, ಅದರ ಬಗ್ಗೆ. ಈ ಸಲ ಕೈಯೂ ನಿಂದೇ, ಮಾತೂ ನಿಂದೇ. ನಾನು ಕ್ಯಾಮೆರಾ ಹಿಡೀತೀನಿ,” ಎನ್ನುತ್ತಾರೆ.

ಕಲ್ಯಾಣಿ ಒಪ್ಪುತ್ತಾರೆ. ಮುಖ ತೊಳೆದು, ಕೂದಲು ಒತ್ತಿಕೊಂಡು ಕಾರಿನ ಪಕ್ಕ ನಿಲ್ಲುತ್ತಾರೆ. ಕ್ಯಾಮೆರಾದ ಕೆಂಪು ಚುಕ್ಕಿ ಹತ್ತುತ್ತದೆ. “ನಮಸ್ಕಾರ. ಇದು... ಇದು ಸೆನ್ಸರು. ಇದನ್ನ ಬಿಚ್ಬೇಕು. ಬಿಚ್ಚೋದು ಅಂದ್ರೆ...” ಮತ್ತೆ ಶುರು ಮಾಡುತ್ತಾರೆ, ಮತ್ತೆ ಅಲ್ಲೇ ನಿಲ್ಲುತ್ತಾರೆ. ಬೆರಳಿಗೆ ಗೊತ್ತಿರುವುದು ಬಾಯಿಗೆ ಬರುವುದೇ ಇಲ್ಲ. ಸಾಕಾಗಿ ಅವರು ಬಂಪರಿನ ಮೇಲೆ ಕುಸಿದು ಕೂರುತ್ತಾರೆ.

“ಅವಳು ಬರೀ ಮಾತಾಡ್ತಾಳೆ ಅಂದ್ಕೊಂಡಿದ್ದೆ. ಅದೂ ಕೆಲಸಾನೇ ಅಂತ ಅವತ್ತು ಗೊತ್ತಾಯ್ತು,” ಎಂದು ಕಲ್ಯಾಣಿ ಕೆಲವು ದಿನಗಳ ನಂತರ ಹೇಳುತ್ತಾರೆ. ಜೊತೆಗೇ ಸೇರಿಸುತ್ತಾರೆ: “ಗೊತ್ತಾಗಿದ್ದಕ್ಕೆ ಹೊಟ್ಟೆಕಿಚ್ಚು ಕಮ್ಮಿ ಆಯ್ತು ಅಂತ ಬರ್ಕೋಬೇಡಿ. ಮೊದಲು ಅವಳ ಗ್ಯಾರೇಜಿನ ಮೇಲಿತ್ತು. ಈಗ ಅವಳ ನಾಲಿಗೆ ಮೇಲೂ ಬಂತು.”

ಅವತ್ತೇ ಶಿಲ್ಪಶ್ರೀ ಇನ್ನೊಂದು ಮಾತು ಕೇಳಿದ್ದರು: ನನ್ನ ಗ್ಯಾರೇಜಿಗೇ ಬಂದುಬಿಡು, ಹುಡುಗರನ್ನೆಲ್ಲ ನೀನೇ ನೋಡಿಕೋ. ಕಲ್ಯಾಣಿ ಒಪ್ಪಲಿಲ್ಲ. ಅವಳ ಬೋರ್ಡಿನ ಕೆಳಗೆ ದಿನಾ ನಿಂತರೆ ತನಗೆ ಅನ್ನ ಇಳಿಯುವುದಿಲ್ಲ ಎಂದು ಮುಖಕ್ಕೆ ಹೇಳಿಬಂದರು. ಶಿಲ್ಪಶ್ರೀ ಬೇಸರ ಮಾಡಿಕೊಳ್ಳಲಿಲ್ಲವಂತೆ. “ಬಿದ್ದು ಬಿದ್ದು ನಕ್ಳು. ನಂಗೆ ಅದಕ್ಕೂ ಸಿಟ್ಟು ಬಂತು,” ಎನ್ನುತ್ತಾರೆ. ವಿಡಿಯೋ ಮಾತ್ರ ಅರ್ಧಕ್ಕೆ ನಿಲ್ಲಲಿಲ್ಲ. ಮೊದಲಿನಂತೆಯೇ ಕಲ್ಯಾಣಿ ಬಿಚ್ಚಿದರು, ಶಿಲ್ಪಶ್ರೀ ಮಾತಾಡಿದರು. ಮುಗಿದ ಕೂಡಲೇ ಕಲ್ಯಾಣಿ ಹೊರಟುಬಂದರು. ವಿಡಿಯೋದ ಶುರುವಿನ ಮಾತನ್ನು ಶಿಲ್ಪಶ್ರೀ ಆಮೇಲೆ ತಾವೇ ಸೇರಿಸಿದ್ದಾರೆ.

ಭಾನುವಾರ ಬೆಳಗ್ಗೆ ತಿಲಕ್ ನಗರದ ಮನೆಯಲ್ಲಿ, ಬುದ್ಧನ ಪಟದ ಕೆಳಗಿನ ಚಾಪೆಯ ಮೇಲೆ ಅಣ್ಣಮ್ಮ ಮಗಳ ಫೋನನ್ನು ಕಿವಿಯ ಹತ್ತಿರ ಹಿಡಿದು ಕೂತಿದ್ದಾರೆ. ಅವರಿಗೆ ಕಣ್ಣು ಮಂಜು, ಕಿವಿ ಚುರುಕು. ಸೊಪ್ಪು ಬಿಡಿಸುತ್ತಿರುವ ಕಲ್ಯಾಣಿ ಅತ್ತ ನೋಡದ ಹಾಗೆ ನಟಿಸುತ್ತಾರೆ.

“ನಮಸ್ಕಾರ,” ಎನ್ನುತ್ತದೆ ಶಿಲ್ಪಶ್ರೀಯ ದನಿ. “ನೀವು ಹೋದ ಸಲ ನೋಡಿದ ಕೈ, ಈ ಸಲ ನೋಡೋ ಕೈ, ಎರಡೂ ಒಬ್ಬರದೇ. ತಿಲಕ್ ನಗರದ ಕಲ್ಯಾಣಿ ಅವರದು. ನಾವಿಬ್ಬರೂ ಒಟ್ಟಿಗೇ ಕಲಿತಿದ್ದು. ಕೆಲಸ ಅವರು ಮಾಡ್ತಾರೆ, ನಾನು ಹೇಳ್ತಾ ಹೋಗ್ತೀನಿ.”

“ಇನ್ನೊಂದ್ಸಲ ಹಾಕೇ,” ಎನ್ನುತ್ತಾರೆ ಅಣ್ಣಮ್ಮ.

ಕಲ್ಯಾಣಿ ಕೈಯೊರೆಸಿಕೊಂಡು ಬಂದು ಇನ್ನೊಂದು ಸಲ ಹಾಕುತ್ತಾರೆ. ಮತ್ತೊಂದು ಸಲ ತಾವಾಗಿಯೇ ಹಾಕುತ್ತಾರೆ. ಮುಖ ಅರಳುತ್ತಿದೆ ಎಂದು ಗೊತ್ತಾಗುತ್ತಿದ್ದಂತೆ ಹುಬ್ಬು ಗಂಟಿಕ್ಕಿಕೊಂಡು ನನ್ನ ಕಡೆ ತಿರುಗುತ್ತಾರೆ.

“ನೋಡಿದ್ರಾ? ಕಲ್ಯಾಣಿ ಅಂತ ಎಷ್ಟು ಚೆಂದ ಅಂತಾಳೆ. ನನ್ನ ಹೆಸರನ್ನೂ ನನಗಿಂತ ಚೆನ್ನಾಗಿ ಅವಳೇ ಹೇಳ್ಬೇಕಾ?”