ಮದುವೆ ಹೆಣ್ಣಾದ ಗೂಬೆ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಹೊಂಗನೂರಿನ ನಮ್ಮ ಹುಣಸೆಮರದ ಪೊಟರೆಯಲ್ಲಿ ಗೂಬೆ ಮರಿ ಮಾಡಿತ್ತು. ಮರದ ಪಕ್ಕದಲ್ಲೇ ನಾವು ರೇಷ್ಮೆ ಸಾಕುವ ಹುಳದ ಮನೆ. ಹುಳ ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದವು. ಆದರೆ ದಿನಾ ಒಂದಿಷ್ಟು ಹುಳ ಕಾಣೆಯಾಗುತ್ತಿದ್ದವು.

"ಆ ಗೂಬೆ ದೃಷ್ಟಿ ಕಣತ್ತೆ," ಎಂದಳು ಸೊಸೆ. "ನಾಳೀಕೆ ಪೊಟರೆ ಮೆತ್ತುಬುಡಾನ. ಒಸಿ ಮಣ್ಣು ನೆನೆಸಿ."

ನನಗೆ ಗೂಬೆಯ ಮೇಲೆ ಪ್ರೀತಿಯೂ ಇರಲಿಲ್ಲ, ಹಗೆಯೂ ಇರಲಿಲ್ಲ. ಹೇಳಿದಳು, ನೆನೆಸಿಟ್ಟೆ.

ಅಡ್ಡ ಬಂದವಳು ಮೊಮ್ಮಗಳು. ಚನ್ನಪಟ್ಟಣದ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೋ ತಿದ್ದುವುದು ಅವಳ ಕೆಲಸ. ರಜೆಯ ದಿನ ಕ್ಯಾಮೆರಾ ಹೊತ್ತು ಗೂಬೆಗಳ ಹಿಂದೆ ಅಲೆಯುವುದು ಅವಳ ಹುಚ್ಚು. ರಾಮನಗರದ ಬಂಡೆ ಹತ್ತಿ ಮೊಣಕಾಲು ತರಚಿಕೊಂಡು ಬಂದದ್ದೂ ಉಂಟು. ಮನೆ ಮುಂದಿನ ಗೂಬೆ ಬಿಟ್ಟು ಅಲ್ಲಿಗೆ ಯಾಕೆ ಹೋದಳೋ.

"ಅವ್ವಾ, ಒಳಗೆ ಮರಿ ಅವೆ, ಸತ್ತೋಯ್ತವೆ. ಇವತ್ತು ಫೋಟೋ ತೆಗೀತೀನಿ. ಅದರ ಮುಖ ನೋಡುದ್ರೆ ನಿಂಗೇ ಮನ್ಸು ಕರಗ್ತದೆ," ಎಂದಳು ತಾಯಿಗೆ.

"ಮುಖ ನೋಡಕ್ಕೆ ಅದೇನು ಹೆಣ್ಣು ನೋಡೋ ಶಾಸ್ತ್ರವಾ?" ಎಂದೆ.

ಸಂಜೆ ಬೆಳಕಿರುವಾಗಲೇ ಕೊಟ್ಟಿಗೆಯ ಕಿಟಕಿಗೆ ಗೋಣಿತಾಟು ಕಟ್ಟಿ, ತೂತಿನಲ್ಲಿ ಕ್ಯಾಮೆರಾದ ಮೂತಿ ತೂರಿಸಿ ಕೂತಳು. ಎಮ್ಮೆ ಬೆನ್ನು ನೆಕ್ಕಿದರೂ ಅಲುಗಲಿಲ್ಲ. ಸೊಪ್ಪು ಹೆಚ್ಚಲು ಕೂರಿಸಿದರೆ ಮಾತ್ರ ಅವಳಿಗೆ ಸೊಂಟನೋವು. ಗೂಬೆ ಬಂತು, ಕೊಂಬೆಯ ಮೇಲೆ ಕೂತಿತು, ಫೋಟೋ ಆಯಿತು.

ಮುದ್ದೆ ಬೇಯುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ತಿದ್ದಿ ನಮ್ಮನ್ನು ಕರೆದಳು. ಗೂಬೆ ಬೆಳ್ಳಗಾಗಿತ್ತು. ಮೈಮೇಲಿನ ಚುಕ್ಕೆ ಮಾಯ. ಕಣ್ಣೆರಡೂ ಹಳದಿ ದೀಪದ ಹಾಗೆ ಉರಿಯುತ್ತಿದ್ದವು.

"ಗೂಬೇನೂ ಮದ್ವೆ ಹೆಣ್ಣು ಮಾಡ್ಬುಟ್ಟಿದ್ದೀಯಲ್ಲೇ! ಒಂದು ಬಾಸಿಂಗ ಕಟ್ಬುಡು, ಗಂಡು ಹುಡುಕಾನ," ಎಂದೆ.

ಸೊಸೆಗೆ ನಗು ಬರಲಿಲ್ಲ. ಹಿಂದಕ್ಕೆ ಸರಿದಳು. "ನೋಡುದ್ರಾ ಅತ್ತೆ, ನುಂಗೋ ಹಂಗೆ ನೋಡ್ತದೆ! ಬೆಳಿಗ್ಗೆಗೇ ಮೆತ್ತುಬುಡಿ."

"ಅವ್ವಾ, ಆ ಕಣ್ಣು ನಾನು ಮಾಡಿದ್ದು! ನಿಜವಾದ್ದು ಹಿಂಗಿಲ್ಲ," ಎಂದಳು ಹುಡುಗಿ. ಅಳುವುದೊಂದು ಬಾಕಿ. ತಿದ್ದುವ ಮೊದಲಿನ ಫೋಟೋ ತೆಗೆದು ಮುಂದಿಟ್ಟಳು.

ಅದರಲ್ಲಿ ಅರ್ಧ ಕಣ್ಣು ಮುಚ್ಚಿದ ಮಂಕು ಗೂಬೆ. ಸೊಸೆ ಕಣ್ಣು ನೋಡಲಿಲ್ಲ, ಕಾಲು ನೋಡಿದಳು.

"ಅದೇನೇ ಕಾಲ್ನಾಗೆ?"

"ಇಲಿ. ಗಲೀಜಾಗಿ ಕಾಣ್ತಿತ್ತು, ಅಳಿಸ್ಬುಟ್ಟೆ."

"ಎಲ್ಲಿ ಹಿಡೀತು?"

"ನಮ್ಮ ಹುಳದ ಮನೆ ಗೋಡೆ ತಾವ."

ಸೊಸೆ ಟಾರ್ಚು ಹಿಡಿದು ಹುಳದ ಮನೆಗೆ ಹೋದಳು. ನಾವೂ ಹಿಂದೆ ಹೋದೆವು. ಗೋಡೆಯ ಬುಡದಲ್ಲಿ ಬಿಲ. ಬಿಲದ ಬಾಯಲ್ಲಿ ಅರ್ಧ ತಿಂದ ರೇಷ್ಮೆ ಹುಳ.

"ಅಳಿಸೋದು ಅಷ್ಟು ಸಲೀಸಾದ್ರೆ, ಇದರೊಳಗಿರೋ ಇಲೀನೂ ಅಳಿಸ್ಬುಡು ಕಣವ್ವ," ಎಂದೆ ಮೊಮ್ಮಗಳಿಗೆ.

ಊಟಕ್ಕೆ ಕೂತಾಗ ಸೊಸೆ, ಮಗಳು ಕೇಳದೆಯೇ ಅವಳಿಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಬೆಳಿಗ್ಗೆ ನಾನು ಎದ್ದವಳೇ, ಪೊಟರೆಗೆಂದು ನೆನೆಸಿದ್ದ ಮಣ್ಣಿಗೆ ಗಾಜಿನ ಚೂರು ಬೆರೆಸಿ ಇಲಿಯ ಬಿಲಕ್ಕೆ ಮೆತ್ತಿದೆ.